ಹೊತ್ತದ್ದು ಹೇಸರಗತ್ತೆ, ಹಾರ ಮಾತ್ರ ನಮ್ಮವರಿಗೆ

"ವಿದ್ಯಾರ್ಥಿಗಳಿಂದ ಆಂಡೀಸ್ ಶಿಖರ ಜಯ." ಇಂಥ ತಲೆಬರಹ ಕೊಟ್ಟು ಸುದ್ದಿ ಕಳಿಸಿದವರಲ್ಲಿ ನಾವೂ ಇದ್ದೇವೆ. ರಾತ್ರಿ ಒಂಬತ್ತಕ್ಕೆ ವಾಟ್ಸಾಪಿಗೆ ಪ್ರೆಸ್ ನೋಟ್ ಬರುತ್ತದೆ, ಜೊತೆಗೊಂದು ಫೋಟೊ. ಕಪ್ಪು ಕನ್ನಡಕ, ದಪ್ಪ ಜಾಕೆಟ್, ಕೈಯಲ್ಲಿ ಬಾವುಟ, ಅದರ ಕೆಳಗೆ ದುಡ್ಡು ಕೊಟ್ಟವರ ಬ್ಯಾನರ್. ಹತ್ತು ನಿಮಿಷದಲ್ಲಿ ನಾಲ್ಕು ಸಾಲು ತಿದ್ದಿ ಡೆಸ್ಕಿಗೆ ತಳ್ಳುತ್ತೇವೆ. ಸುದ್ದಿಗಿಷ್ಟು ಅಂತ ಕಾಸು ಎಣಿಸಿಕೊಳ್ಳುವ ನಮ್ಮಂಥ ಬಿಡಿ ಸುದ್ದಿಗಾರರಿಗೆ ಇದಕ್ಕಿಂತ ಸಲೀಸಾದ ಕೆಲಸ ಇನ್ನೊಂದಿಲ್ಲ. ಆ ಸುದ್ದಿಯಲ್ಲಿ ಅರ್ಧ ಸುಳ್ಳು ಇರುತ್ತದೆ ಅನ್ನುವುದನ್ನು ಈಗಲಾದರೂ ಹೇಳಬೇಕು.

ಮೊದಲು ಆ ಬೆಟ್ಟದ ಮಾತು. ಪ್ರೆಸ್ ನೋಟಿನಲ್ಲಿ ಹೆಚ್ಚಾಗಿ ಬರುವ ಹೆಸರು ಅಕೊಂಕಾಗುವಾ. ಅರ್ಜೆಂಟೀನಾದ ಮೆಂಡೋಸಾ ಪ್ರಾಂತ್ಯದಲ್ಲಿದೆ, ಎತ್ತರ 6,961 ಮೀಟರ್. ಏಷ್ಯಾ ಬಿಟ್ಟರೆ ಇಷ್ಟು ಎತ್ತರದ ಬೆಟ್ಟ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಮಾಮೂಲಿ ದಾರಿಯಲ್ಲಿ ಹೋದರೆ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವ ಕೆಲಸ ಹೆಚ್ಚಿಲ್ಲ, ನಡೆದೇ ಏರಬಹುದು. ಅದಕ್ಕೇ ವಿದ್ಯಾರ್ಥಿ ತಂಡಗಳಿಗೆ ಇದರ ಮೇಲೆ ಕಣ್ಣು. ನಡೆದು ಹತ್ತುವ ಈ ಬೆಟ್ಟವೇ ಇಷ್ಟು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ತಿಂದಿದೆ. 2009ರ ಜನವರಿಯಲ್ಲಿ ಇಟಲಿಯವರ ತಂಡವನ್ನು ಕರೆದೊಯ್ದಿದ್ದ ಸ್ಥಳೀಯ ಗೈಡೇ ಅಲ್ಲಿ ಸತ್ತರು. ದಾರಿ ಬಲ್ಲವರ ಗತಿಯೇ ಹೀಗಾಗಬಹುದು.

ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಅರ್ಧದಷ್ಟೂ ಇರುವುದಿಲ್ಲ. ಬೇಗ ಏರಿದರೆ ಮೊದಲು ತಲೆನೋವು, ವಾಂತಿ. ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಬಾಯಬಹುದು. ಮಾತ್ರೆ, ಆಮ್ಲಜನಕ ಇವೆಲ್ಲ ಸ್ವಲ್ಪ ಹೊತ್ತಿನ ಆಸರೆ. ನಿಜವಾದ ಮದ್ದು ಒಂದೇ, ತಕ್ಷಣ ಕೆಳಗಿಳಿಯುವುದು.

ಈಗ ಹದಿನೆಂಟರ ಒಬ್ಬ ಹುಡುಗನನ್ನು ನೆನೆಸಿಕೊಳ್ಳಿ. ಊರಲ್ಲಿ ಬೀಳ್ಕೊಡುಗೆ ಸಮಾರಂಭ ಆಗಿದೆ, ಶಾಲು ಹೊದಿಸಿದ್ದಾರೆ, ದಾನಿಗಳು ಲಕ್ಷಗಟ್ಟಲೆ ಕೊಟ್ಟಿದ್ದಾರೆ, ವಾಪಸ್ ವಿಮಾನದ ಟಿಕೆಟ್ಟಿನ ತಾರೀಖು ನಿಗದಿಯಾಗಿದೆ. ಐದೂವರೆ ಸಾವಿರ ಮೀಟರಿನ ಡೇರೆಯಲ್ಲಿ ಅವನಿಗೆ ತಲೆ ಸಿಡಿಯುತ್ತಿದೆ. ಅದನ್ನು ಬಾಯಿಬಿಟ್ಟು ಹೇಳುತ್ತಾನಾ? ಕೆಳಗಿನ ಕ್ಯಾಂಪಿನಲ್ಲಿ ಡಾಕ್ಟರ್ ಇದ್ದಾರೆ, ಬೆರಳಿಗೆ ಕ್ಲಿಪ್ಪು ಹಾಕಿ ಆಮ್ಲಜನಕ ನೋಡುತ್ತಾರೆ, ಬಿಪಿ ನೋಡುತ್ತಾರೆ, ಸರಿಯಿಲ್ಲದಿದ್ದರೆ ತಡೆಯುತ್ತಾರೆ. ಅಲ್ಲಿಂದ ಮೇಲೆ ಹೋದ ಮೇಲೆ ಹುಡುಗ ಸುಳ್ಳು ಹೇಳಿದರೆ ಹಿಡಿಯುವವರು ಯಾರು? ಆ ಸುಳ್ಳನ್ನು ಅವನಿಗೆ ಕಲಿಸಿದವರು ನಾವೇ. ತುದಿ ಮುಟ್ಟದೆ ಬಂದವರ ಬಗ್ಗೆ ನಾವು ಒಂದು ಸಾಲೂ ಬರೆದಿಲ್ಲ. ಪ್ರಾಣ ಉಳಿಸಿಕೊಂಡು ಹಿಂದಿರುಗುವುದು ನಮ್ಮ ಪುಟದಲ್ಲಿ ಸುದ್ದಿಯೇ ಅಲ್ಲ.

ಇನ್ನು ದಾಖಲೆಯ ಹುಚ್ಚು. 2007ರಲ್ಲಿ ಅಮೆರಿಕದ ಹನ್ನೊಂದು ವರ್ಷದ ಹುಡುಗನೊಬ್ಬ ಅಕೊಂಕಾಗುವಾ ಏರಿದ. 2013ರಲ್ಲಿ ಒಂಬತ್ತು ವರ್ಷದವನು ಏರಿದ. ಅಷ್ಟು ಚಿಕ್ಕವರನ್ನು ಬಿಡುವ ನಿಯಮ ಅಲ್ಲಿಲ್ಲ, ಮನೆಯವರು ಕೋರ್ಟಿನಿಂದ ಅಪ್ಪಣೆ ತರಬೇಕಾಯಿತು. ಮುಂದೆ ಎಂಟು, ಆಮೇಲೆ ಏಳಾ? ಈ ಲೆಕ್ಕ ಎಲ್ಲಿಗೆ ನಿಲ್ಲುತ್ತದೆ ಅಂತ ಕೇಳಬೇಕಾದ ಪತ್ರಿಕೆಗಳು "ಅತಿ ಕಿರಿಯ" ಅಂತ ದಪ್ಪ ಅಕ್ಷರದಲ್ಲಿ ಹಾಕಿ ಚಪ್ಪಾಳೆ ತಟ್ಟಿದವು.

ನಮ್ಮ ದೊಡ್ಡ ತಕರಾರು ಬೇರೆಯೇ ಇದೆ. ಫೋಟೊದಲ್ಲಿ ಕಾಣದವರ ಬಗ್ಗೆ.

ಅಕೊಂಕಾಗುವಾದ ಬೇಸ್ ಕ್ಯಾಂಪಿನ ಹೆಸರು ಪ್ಲಾಸಾ ದೆ ಮುಲಾಸ್. ಕನ್ನಡದಲ್ಲಿ ಹೇಳುವುದಾದರೆ ಹೇಸರಗತ್ತೆಗಳ ಬಯಲು. ಸುಮಾರು 4,300 ಮೀಟರ್ ಎತ್ತರದ ಆ ಜಾಗದವರೆಗೆ ಡೇರೆ, ಅಕ್ಕಿಬೇಳೆ, ಗ್ಯಾಸು, ವಿದ್ಯಾರ್ಥಿಗಳ ದಪ್ಪ ಬ್ಯಾಗು ಎಲ್ಲ ಹೋಗುವುದು ಹೇಸರಗತ್ತೆಯ ಬೆನ್ನ ಮೇಲೆ. ಅವನ್ನು ಹೊಡೆದುಕೊಂಡು ಹೋಗುವವರನ್ನು ಅಲ್ಲಿ ಅರಿಯೇರೊ ಅನ್ನುತ್ತಾರೆ. ಹೊಳೆ ದಾಟಿಸಿ, ಕಲ್ಲುಹಾದಿಯಲ್ಲಿ ಏರಿಸಿ, ಹೊರೆ ಇಳಿಸಿ, ಮತ್ತೆ ಕೆಳಗೆ. ಅಲ್ಲಿಂದ ಮೇಲಕ್ಕೆ ಗತ್ತೆ ಹೋಗುವುದಿಲ್ಲ, ಕೂಲಿಗೆ ಹೊರುವ ಮನುಷ್ಯರೇ ಹೋಗುತ್ತಾರೆ. ಪೆರುವಿನಲ್ಲಿ 2001ರಲ್ಲಿ ಹೊರೆಯಾಳುಗಳಿಗಾಗಿಯೇ ಒಂದು ಕಾನೂನು ಮಾಡಿ, ಒಬ್ಬರ ಮೇಲೆ 20 ಕಿಲೊಗಿಂತ ಹೆಚ್ಚು ಹೊರಿಸಬಾರದು ಅಂದರು. ಕಾನೂನೇ ಬೇಕಾಯಿತು ಅಂದರೆ ಮೊದಲು ಎಷ್ಟು ಹೊರಿಸುತ್ತಿದ್ದರು ಅಂತ ಊಹಿಸಿಕೊಳ್ಳಿ. ಹಮಾಲರ ಬೆನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಬೆಟ್ಟದ ಚರಿತ್ರೆಯೇ ಹೀಗೆ ಶುರುವಾದದ್ದು. 1897ರಲ್ಲಿ ಫಿಟ್ಸ್‌ಜೆರಾಲ್ಡ್ ಅನ್ನುವ ಸಿರಿವಂತರು ದೊಡ್ಡ ತಂಡ ಕಟ್ಟಿಕೊಂಡು ಹೋದರು. ಅವರಿಗೆ ಎತ್ತರ ಒಗ್ಗಲಿಲ್ಲ, ಮತ್ತೆ ಮತ್ತೆ ಹತ್ತಿ ಮತ್ತೆ ಮತ್ತೆ ಇಳಿದರು, ತುದಿ ಸಿಗಲೇ ಇಲ್ಲ. ಜನವರಿ 14ರಂದು ಒಬ್ಬರೇ ಹೋಗಿ ಮೊದಲು ತುದಿಯಲ್ಲಿ ನಿಂತವರು ಅವರು ಸಂಬಳ ಕೊಟ್ಟು ಕರೆತಂದಿದ್ದ ಸ್ವಿಸ್ ಗೈಡ್ ಮಥಿಯಾಸ್ ಝುರ್ಬ್ರಿಗೆನ್. ಇಷ್ಟಾದರೂ ಅದು ಇಂದಿಗೂ ಫಿಟ್ಸ್‌ಜೆರಾಲ್ಡ್ ಅವರ ಯಾತ್ರೆ ಅಂತಲೇ ಕರೆಸಿಕೊಳ್ಳುತ್ತದೆ.

ಬೊಲಿವಿಯಾದ ಐಮಾರಾ ಹೆಂಗಸರ ಕಥೆ ನಮಗೆ ಇನ್ನೂ ಇಷ್ಟ. ವರ್ಷಗಟ್ಟಲೆ ಬೆಟ್ಟದ ಕ್ಯಾಂಪುಗಳಲ್ಲಿ ಪ್ರವಾಸಿಗಳಿಗೆ ಅಡುಗೆ ಮಾಡಿ ಹಾಕಿದವರು. ಮೇಲೆ ಹೋಗಿಬಂದವರ ಬಾಯಲ್ಲಿ ಅಲ್ಲೇನಿದೆ ಅಂತ ಕೇಳಿ ಕೇಳಿ, ನಾವೇ ನೋಡಿಬರೋಣ ಅಂತ 2015ರಲ್ಲಿ ಹೊರಟರು. 6,088 ಮೀಟರಿನ ವಾಯ್ನಾ ಪೊತೊಸಿ ಹತ್ತಿದರು. 2019ರ ಜನವರಿಯಲ್ಲಿ ಅಕೊಂಕಾಗುವಾದ ತುದಿಯನ್ನೂ ಮುಟ್ಟಿದರು. ತಮ್ಮ ನೆರಿಗೆಯ ದೊಡ್ಡ ಲಂಗವನ್ನು ಬಿಡಲಿಲ್ಲ. ಸೌಟು ಹಿಡಿದ ಕೈಗೆ ಐಸ್ ಕೊಡಲಿ ಹಿಡಿಯಲು ಬರುವುದಿಲ್ಲ ಅಂದವರು ಯಾರು?

ಇನ್ನೊಂದು ಘಟನೆಯ ಸಿನಿಮಾವನ್ನು ನಿಮ್ಮಲ್ಲಿ ಹಲವರು ಮೊಬೈಲಿನಲ್ಲೇ ನೋಡಿರುತ್ತೀರಿ. 1972ರ ಅಕ್ಟೋಬರ್ 13ರಂದು ಉರುಗ್ವೆಯ ವಿಮಾನವೊಂದು ಆಂಡೀಸಿನ ಹಿಮದಲ್ಲಿ ಬಿತ್ತು. ಇದ್ದವರು 45 ಮಂದಿ, ಒಂದು ಶಾಲೆಯ ಹಳೆ ವಿದ್ಯಾರ್ಥಿಗಳ ರಗ್ಬಿ ತಂಡ ಮತ್ತು ಅವರ ಕಡೆಯವರು. ಕೊನೆಗೆ ಉಳಿದವರು 16. ಅವರಲ್ಲಿ ವೈದ್ಯಕೀಯ ವಿದ್ಯಾರ್ಥಿ ಕನೆಸ್ಸಾ ಮತ್ತು ಗೆಳೆಯ ಪರ‍್ರಾದೊ ಹತ್ತು ದಿನ ಬೆಟ್ಟ ದಾಟಿ ನಡೆದರು. ಅವರ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ನಡಿಗೆಯ ಕೊನೆಯಲ್ಲಿ ಹೊಳೆಯ ಆಚೆ ದಡದಲ್ಲಿ ಅವರಿಗೆ ಕಂಡವರು ಚಿಲಿಯ ಅರಿಯೇರೊ ಸೆರ್ಹಿಯೊ ಕತಲಾನ್. ನೀರಿನ ಮೊರೆತದಲ್ಲಿ ಮಾತು ಕೇಳಿಸಲಿಲ್ಲ. ಮರುದಿನ ಬಂದು ಕಾಗದ, ಪೆನ್ಸಿಲನ್ನು ಕಲ್ಲಿಗೆ ಕಟ್ಟಿ ಎಸೆದರು. ಬರೆದದ್ದನ್ನು ಓದಿ, ತಮ್ಮ ಬುತ್ತಿಯ ರೊಟ್ಟಿಯನ್ನು ಆಚೆಗೆಸೆದು, ಗಂಟೆಗಟ್ಟಲೆ ಕುದುರೆ ಮೇಲೆ ಹೋಗಿ ಪೊಲೀಸರಿಗೆ ತಿಳಿಸಿದರು. 2020ರಲ್ಲಿ ತೀರಿಕೊಂಡರು. ಆ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ?

ಹಾಗಾದರೆ ಬಡವರ ಮಕ್ಕಳು ಬೆಟ್ಟ ಹತ್ತಬಾರದಾ ಅಂತ ನೀವು ಜಗಳಕ್ಕೆ ಬರುತ್ತೀರಿ, ಗೊತ್ತು. ಹತ್ತಬೇಕು. ಈಗಿನ ತೆಲಂಗಾಣದ ಕೃಷಿ ಕೂಲಿಗಳ ಮಗಳು ಮಾಲಾವತ್ ಪೂರ್ಣಾ ಸರ್ಕಾರಿ ವಸತಿ ಶಾಲೆಯಲ್ಲಿ ಓದುತ್ತಾ 2014ರ ಮೇ 25ರಂದು ಎವರೆಸ್ಟ್ ಏರಿದರು. ಆಗ ಹದಿನಾಲ್ಕು ತುಂಬಿರಲಿಲ್ಲ. 2019ರಲ್ಲಿ ಅಕೊಂಕಾಗುವಾವನ್ನೂ ಮುಗಿಸಿದರು. ಅದೂ ಚಿಕ್ಕ ವಯಸ್ಸೇ, ಅದರ ಬಗ್ಗೆಯೂ ನಮಗೆ ಅಳುಕಿದೆ, ಮುಚ್ಚಿಡುವುದಿಲ್ಲ. ಆದರೆ ಅದರ ಹಿಂದೆ ಭೋಂಗಿರಿನ ಬಂಡೆ ಇತ್ತು, ಡಾರ್ಜಿಲಿಂಗಿನ ತರಬೇತಿ ಇತ್ತು, ಲಡಾಖಿನ ಚಳಿ ಇತ್ತು. ಬೀಳ್ಕೊಡುಗೆ ಮಾಡಿ ಚೆಕ್ ಕೊಟ್ಟು ಕಳಿಸಿದ ಪ್ರವಾಸ ಅಲ್ಲ ಅದು.

ಹಾಗಾಗಿ ಮುಂದಿನ ಪ್ರೆಸ್ ನೋಟ್ ಬಂದಾಗ ಕಳಿಸಿದವರಿಗೆ ನಾವು ವಾಪಸ್ ಫೋನ್ ಮಾಡುತ್ತೇವೆ. ತಂಡದಲ್ಲಿ ಎಷ್ಟು ಜನ ಅರ್ಧದಿಂದ ಇಳಿದರು, ಅವರ ಹೆಸರೇನು? ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಲು ಎಷ್ಟು ದಿನ ಕೊಟ್ಟಿದ್ದಿರಿ? ಗೈಡ್ ಯಾರು, ಅಡುಗೆ ಮಾಡಿದವರು ಯಾರು, ಗತ್ತೆ ಹೊಡೆದವರು ಯಾರು, ಅವರಿಗೆ ಕೂಲಿ ಪೂರ್ತಿ ಸಂದಿದೆಯಾ? ಉತ್ತರ ಬಂದರೆ "ಜಯ" ಅನ್ನುವ ಪದ ಕಿತ್ತು ಆ ಹೆಸರುಗಳನ್ನು ಹಾಕಿ ಕಳಿಸುತ್ತೇವೆ. ಜಾಗ ಇಲ್ಲ ಅಂತ ಡೆಸ್ಕಿನವರು ಕತ್ತರಿಸಿದರೆ, ಕತ್ತರಿಸಿದ ಸಾಲುಗಳನ್ನು ತಂದು ಇಲ್ಲಿ ಹಾಕುತ್ತೇವೆ.