ಸೆಡಾನ್ ಕೊಳ್ಳುವವರು ಹಿಂದಿನ ಸೀಟಿನಲ್ಲೂ ಕುಳಿತು ನೋಡಲಿ

ಮುಂಬಯಿ ಕನ್ನಡಿಗರಿಗೆ ಸೆಡಾನ್ ಎಂಬ ಹೆಸರು ಹೊಸದಿರಬಹುದು, ಕಾರು ಹೊಸದಲ್ಲ. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ, ಅಂದರೆ 2023ರ ಅಕ್ಟೋಬರಿನಲ್ಲಿ ಈ ನಗರದ ಬೀದಿಗಳಿಂದ ಮರೆಯಾದ ಆ ಕಪ್ಪು-ಹಳದಿ ಟ್ಯಾಕ್ಸಿ, ಪ್ರತ್ಯೇಕ ಡಿಕ್ಕಿಯುಳ್ಳ ಸೆಡಾನೇ ಆಗಿತ್ತು. ಇಂದು ಎತ್ತರದ ಎಸ್‌ಯುವಿಗಳ ಭರಾಟೆಯಲ್ಲಿ ಸೆಡಾನ್ ಹಿಂದೆ ಬಿದ್ದಿದೆಯಾದರೂ ಅದರ ಅಭಿಮಾನಿಗಳು ಕಡಿಮೆಯಾಗಿಲ್ಲ. ಸಂಘದ ವಾರ್ಷಿಕೋತ್ಸವಕ್ಕೋ ಮದುವೆಗೋ ಹೋದರೆ ಸಭಾಗೃಹದ ಹೊರಗೆ ಯುವಕರ ಮಾತೆಲ್ಲ ಯಾವುದರ ಎಂಜಿನ್ ಜೋರು, ಯಾವುದಕ್ಕೆ ಸನ್‌ರೂಫ್ ಇದೆ ಎಂಬುದರ ಸುತ್ತಲೇ. ಹಿಂದಿನ ಸೀಟಿನಲ್ಲಿ ಕೂರಬೇಕಾದ ತಂದೆ ತಾಯಿಯ ಮೊಣಕಾಲಿನ ವಿಚಾರ ಅಲ್ಲಿ ಬರುವುದೇ ಇಲ್ಲ. ಸಾಲದ ಕಂತು ಐದು, ಏಳು ವರ್ಷ ನಡೆಯುತ್ತದೆ. ಅಷ್ಟರಲ್ಲಿ ಅವರ ವಯಸ್ಸೂ ಅಷ್ಟು ಏರಿರುತ್ತದೆ.

ದಿನಬಳಕೆಯ ಅನುಕೂಲವೇ ಮುಖ್ಯವೆನ್ನುವವರಿಗೆ ಮಾರುತಿ ಡಿಸೈರ್ ಇದೆ. ಅದರ ಉದ್ದ 3,995 ಮಿಲಿಮೀಟರ್. ನಾಲ್ಕು ಮೀಟರಿನ ಗಡಿಗೆ ಐದೇ ಮಿಲಿಮೀಟರ್ ಕಡಿಮೆ ಇರುವುದು ಆಕಸ್ಮಿಕವಲ್ಲ. ಆ ಗಡಿಯೊಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18, ಅದನ್ನು ಮೀರಿದ್ದಕ್ಕೆ ಶೇ. 40. ಹಳೆಯ ಸೊಸೈಟಿಗಳ ಇಕ್ಕಟ್ಟಿನ ಪಾರ್ಕಿಂಗಿಗೂ ಇದು ಹೊಂದುತ್ತದೆ. 2024ರಲ್ಲಿ ಬಂದ ಹೊಸ ಡಿಸೈರ್ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಐದು ನಕ್ಷತ್ರ ಪಡೆಯಿತು. ಡಿಕ್ಕಿ 382 ಲೀಟರ್. ಆದರೆ ಸಿಎನ್‌ಜಿ ಮಾದರಿಯಲ್ಲಿ ಆ ಜಾಗದ ಬಹುಪಾಲನ್ನು ಸಿಲಿಂಡರ್ ನುಂಗುತ್ತದೆ. ಸುಮಾರು 900 ಕಿಲೋಮೀಟರ್ ದೂರದ ಮಂಗಳೂರಿಗೆ ನೇಮಕ್ಕೋ ಗೃಹಪ್ರವೇಶಕ್ಕೋ ಹೋಗಿ, ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ ತುಂಬಿಸಿಕೊಂಡು ಮರಳುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

1998ರಲ್ಲಿ ಭಾರತಕ್ಕೆ ಬಂದ ಹೋಂಡಾ ಸಿಟಿ ಈ ವಿಷಯದಲ್ಲಿ ಉದಾರಿ. 2020ರ ಪೀಳಿಗೆಯ ಪೆಟ್ರೋಲ್ ಸಿಟಿಯಲ್ಲಿ 506 ಲೀಟರ್ ಡಿಕ್ಕಿ, ಹಿಂದೆ ಧಾರಾಳ ಕಾಲುಜಾಗ. ಸಿವಿಟಿ ಗೇರಿನಿಂದಾಗಿ ಸಯನ್, ಅಂಧೇರಿಯ ವಾಹನದಟ್ಟಣೆಯಲ್ಲೂ ಕಾರು ಜರ್ಕ್ ಹೊಡೆಯದೆ ಸಾಗುತ್ತದೆ. 2022ರಲ್ಲಿ ಬಂದ ಹೈಬ್ರಿಡ್ ಇಂಧನ ಉಳಿಸುತ್ತದೆ ನಿಜ, ಆದರೆ ಬ್ಯಾಟರಿಯಿಂದಾಗಿ ಅದರ ಡಿಕ್ಕಿ 306 ಲೀಟರಿಗೆ ಇಳಿದಿದೆ. ಹಿರಿಯರಿರುವ ಮನೆಗೆ ಪೆಟ್ರೋಲ್ ಸಿಟಿಯೇ ಲೇಸು.

ಇನ್ನು ಯುವಕರ ಮೆಚ್ಚಿನ ಸ್ಪೋರ್ಟಿ ಕಾರುಗಳು. ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ 2022ರಲ್ಲಿ 150 ಪಿಎಸ್ ಶಕ್ತಿಯ ಒಂದೂವರೆ ಲೀಟರ್ ಟರ್ಬೊ ಎಂಜಿನ್ ತಂದವು. 2023ರ ಹ್ಯುಂಡೈ ವೆರ್ನಾ 160ಕ್ಕೆ ಏರಿಸಿತು. ಪುಣೆ ಎಕ್ಸ್‌ಪ್ರೆಸ್ ವೇಯ ಸಮತಟ್ಟಿನಲ್ಲೇ ಕಾರುಗಳಿಗೆ 100ರ ಮಿತಿ ಇರುವಾಗ ಇಷ್ಟು ಶಕ್ತಿ ಏಕೆಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ಸರಿ, ಆದರೆ ಉತ್ತರವೂ ಇದೆ. ಹುಬ್ಬಳ್ಳಿ ದಾಟಿ ಅರಬೈಲ್ ಘಾಟಿ ಇಳಿಯುವಾಗ, ಮಳೆಯಲ್ಲಿ ಅದಿರು ಲಾರಿಯ ಹಿಂದೆ ಸಿಕ್ಕಿಕೊಂಡಾಗ, ಹೇಳಿದಂತೆ ಕೇಳುವ ಸ್ಟಿಯರಿಂಗ್ ಮತ್ತು ತಿರುವಿನಲ್ಲಿ ವಾಲದ ದೇಹ ಷೋಕಿಯ ವಸ್ತುಗಳಲ್ಲ. ಕಾರು ಕಡಿಮೆ ವಾಲಿದರೆ ಹಿಂದೆ ಕುಳಿತ ಮಕ್ಕಳ ಹೊಟ್ಟೆ ತೊಳೆಸುವುದೂ ಕಡಿಮೆ. ಸ್ಲಾವಿಯಾ ನೆಲದಿಂದ 179 ಮಿಲಿಮೀಟರ್ ಎತ್ತರವಿರುವುದರಿಂದ ಕೊಂಕಣದ ಹೊಂಡಗಳಿಗೂ ಅಷ್ಟಾಗಿ ಅಂಜಬೇಕಿಲ್ಲ. ಮೂರೂ ಕಾರುಗಳು 2023ರಲ್ಲಿ ಐದು ನಕ್ಷತ್ರ ಪಡೆದಂಥವು. ಕೊರತೆ ಇರುವುದು ಹಿಂದೆಯೇ. ಸ್ಲಾವಿಯಾ, ವರ್ಟಸ್‌ಗಳಲ್ಲಿ ಮೂರನೆಯವರ ಪಾದಕ್ಕೆ ನಡುವಿನ ದಿಬ್ಬ ಅಡ್ಡ; ವೆರ್ನಾದ ಚಾವಣಿ ಹಿಂದಕ್ಕೆ ಇಳಿದಿರುವುದರಿಂದ ಎತ್ತರದವರು ತಲೆ ತಗ್ಗಿಸಬೇಕು.

ಐಷಾರಾಮದ ಸಾಲಿನಲ್ಲಿ ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಟೊಯೊಟಾ ಕ್ಯಾಮ್ರಿ ಇದೆ, ಚಾಕಣದಿಂದ ಬರುವ ಮರ್ಸಿಡಿಸ್ ಇ-ಕ್ಲಾಸ್ ಇದೆ. ಡ್ರೈವರ್ ಇಟ್ಟುಕೊಂಡ ಉದ್ಯಮಿಗಳಿಗೆ ಸರಿ. ಕ್ಯಾಮ್ರಿಯ ಉದ್ದ ಐದು ಮೀಟರಿಗೆ ಹತ್ತಿರ, ಇ-ಕ್ಲಾಸ್ ಅದನ್ನೂ ಮೀರಿದೆ. ಡೊಂಬಿವಲಿಯ ಗಲ್ಲಿಯಲ್ಲಿ ಇದನ್ನು ತಿರುಗಿಸುವುದು ಡ್ರೈವರಿಗೂ ಶಿಕ್ಷೆಯೇ.

ಶೋರೂಮಿನವರು ಕೊಡುವ ಟೆಸ್ಟ್ ಡ್ರೈವಿಗೆ ಮನೆಯ ಯುವಕರು ಮಾತ್ರ ಹೋಗಿ ಬರುವುದು ವಾಡಿಕೆಯಾಗಿದೆ. ಅಜ್ಜ ಅಜ್ಜಿಯನ್ನೂ ಕರೆದೊಯ್ಯಲಿ, ಅರ್ಧ ಗಂಟೆ ಹಿಂದೆ ಕೂರಿಸಲಿ, ಇಳಿಯುವಾಗ ಅವರು ಬಾಗಿಲು ಹಿಡಿದು ಎಷ್ಟು ಕಷ್ಟಪಡುತ್ತಾರೆಂದು ನೋಡಲಿ. ಸೆಡಾನಿನ ಸೀಟು ತಗ್ಗು. ಮೊಣಕಾಲು ತೀರಾ ಸೋತವರಿಗೆ ಎತ್ತರದ ಸಣ್ಣ ಕಾರೇ ವಾಸಿಯೆನಿಸಬಹುದು. ಮುಂಗಡ ಕೊಡುವ ಮೊದಲು ಸೊಸೈಟಿಯ ಪಾರ್ಕಿಂಗ್ ಜಾಗಕ್ಕೂ ಒಮ್ಮೆ ಟೇಪು ಹಿಡಿಯಲಿ, ಬಾಗಿಲು ಪೂರ್ತಿ ತೆರೆಯುವಷ್ಟು ಅಗಲ ಸೇರಿಸಿಯೇ.