ಮನೆಯ ಕಡತ ಮತ್ತು ಮರೆಯಾದ ಹಿರಿಯ

ವಂಶಾವಳಿಯನ್ನು ಬರೆಯಿಸಿ ಚೌಕಟ್ಟು ಹಾಕಿಸುವ ಹವ್ಯಾಸ ಈಚೆಗೆ ನಮ್ಮ ಸೀಮೆಯಲ್ಲಿ ಹೆಚ್ಚಿದೆ. ಸಂತೋಷದ ವಿಷಯವೇ. ಆದರೆ ಬರೆಯಿಸುವವರಲ್ಲಿ ಬಹುಮಂದಿಗೆ ಹಿರಿಯನಿಗಿಂತ ಹಿರಿಮೆಯೇ ಬೇಕಾಗಿದೆ. ಹಂಪೆಯ ನೆರೆಯಲ್ಲಿ ಹುಟ್ಟಿದವರಿಗೆ ಈ ಚಪಲ ತುಸು ಅಧಿಕ. ವಿಜಯನಗರದ ಅರಸರಲ್ಲಿ ದಂಡನಾಯಕನಾಗಿದ್ದ ಪೂರ್ವಜನೊಬ್ಬ ದೊರೆಯದ ಹೊರತು ಅವರಿಗೆ ಸಮಾಧಾನವಿಲ್ಲ.

ಮಲಪನಗುಡಿಯ ಹೆಸರನ್ನೇ ನೋಡಬಹುದು. 'ಮಲ್ಲಪ್ಪನ ಗುಡಿ' ಎಂಬುದು ಬಾಯಿಂದ ಬಾಯಿಗೆ ಸವೆದು ಈ ರೂಪವನ್ನು ತಾಳಿರಬೇಕು. ಊರಿನಲ್ಲಿ ಮಲ್ಲಿಕಾರ್ಜುನನ ಪ್ರಾಚೀನ ದೇವಾಲಯವಿರುವುದರಿಂದ ಈ ಮಲ್ಲಪ್ಪ ದೇವರೇ ಎಂದು ನನ್ನ ಎಣಿಕೆ. ಆದರೂ ಮನೆತನದಲ್ಲಿ ಮಲ್ಲಪ್ಪನೊಬ್ಬನಿದ್ದವರು ಅವನನ್ನೇ ಊರು ಕಟ್ಟಿದವನೆಂದು ಸಾಧಿಸಹೊರಡುತ್ತಾರೆ. ಮಲ್ಲಪ್ಪನಿಲ್ಲದ ಮನೆತನ ಈ ಸೀಮೆಯಲ್ಲಿ ಯಾವುದಿದೆ?

ತೊಡಕಿರುವುದೂ ಇಲ್ಲಿಯೇ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮ ರೂಢಿ. ವಿರೂಪಾಕ್ಷಪ್ಪನ ಮಗ ಮಲ್ಲಪ್ಪ, ಅವನ ಮಗ ವಿರೂಪಾಕ್ಷಪ್ಪ, ಮರಳಿ ಮಲ್ಲಪ್ಪ. ಸಾಲ ತೀರಿಸಿದನೆಂದು ಕಡತದಲ್ಲಿ ಕಾಣುವ ಮಲ್ಲಪ್ಪ ಎಷ್ಟನೆಯ ತಲೆಯವನು? ಸಂವತ್ಸರದ ಹೆಸರೂ ನೆರವಿಗೆ ಬಾರದು. 60 ವರ್ಷಗಳಿಗೊಮ್ಮೆ ಚಕ್ರ ತಿರುಗುವುದರಿಂದ 1816, 1876, 1936 ಮೂರೂ ಧಾತು ಸಂವತ್ಸರಗಳೇ. ಪಕ್ಕದಲ್ಲಿ 'ಫಸಲಿ 1286' ಎಂದಿದ್ದರೆ 590 ಕೂಡಿಸಿ 1876-77 ಎಂದು ನಿಶ್ಚಯಿಸಬಹುದು. ಅದು ಬಳ್ಳಾರಿ ಜಿಲ್ಲೆಯನ್ನು ನುಂಗಿದ ಧಾತು ವರ್ಷದ ಬರಗಾಲ. ಅನಂತರ ಕಡತದಲ್ಲಿ ಕಾಣದಾದವನು ಸತ್ತನೋ, ಗುಳೆ ಹೋದನೋ, ಬೇರೆ ಮನೆಗೆ ದತ್ತು ಹೋಗಿ ಹೆಸರನ್ನೇ ಬದಲಿಸಿಕೊಂಡನೋ?

ನಮ್ಮ ಮನೆತನದಲ್ಲಿಯೂ ಇಂಥವನೊಬ್ಬನಿದ್ದಾನೆ. ಕಡತದಲ್ಲಿ ಅವನ ಹೆಸರು ಎರಡೇ ಕಡೆ ಬರುತ್ತದೆ. ಹೆಳವರು ಒಪ್ಪಿಸಿದ ಪಾಠದಲ್ಲಿ ಅವನಿಗೆ ಸಂತಾನವಿಲ್ಲ. ದಾಯಾದಿಗಳ ಮನೆಯ ಹೇಳಿಕೆಯಂತೆ ಅವನು ದತ್ತು ಹೋದವನು. ವಂಶವೃಕ್ಷ ಬರೆಯುವಾಗ ಬಂಧುಗಳು, 'ಪಂಡಿತರಾದ ನೀವೇ ಒಂದು ಕೊಂಡಿ ಹಾಕಿಬಿಡಿ, ಯಾರು ಕೇಳುತ್ತಾರೆ?' ಎಂದರು. ನಾನು ಹಾಕಲಿಲ್ಲ. ಇದರಿಂದ ಹುಟ್ಟಿದ ಮನಸ್ತಾಪ ಇನ್ನೂ ಪೂರ್ತಿ ಆರಿಲ್ಲ. ಆದರೆ ಆ ಕೊಂಡಿಯಿಂದ ಒಂದು ಮನೆಯವರು ಹಿರಿಯ ಶಾಖೆಯವರೂ ಇನ್ನೊಂದು ಮನೆಯವರು ಕಿರಿಯರೂ ಆಗುತ್ತಿದ್ದರು. ಆಧಾರವಿಲ್ಲದೆ ಹಾಗೆ ಬರೆಯುವ ಅಧಿಕಾರ ವ್ಯಾಕರಣ ಓದಿದವನಿಗೆ ಎಲ್ಲಿಂದ ಬರಬೇಕು? ಆ ಸ್ಥಾನ ಈಗ ತೆರವಾಗಿಯೇ ಇದೆ.

ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ ಬಂದು ತಲೆಮಾರುಗಳನ್ನು ಒಪ್ಪಿಸುತ್ತಿದ್ದ ಹೆಳವರನ್ನು ಭಿಕ್ಷುಕರೆಂದು ಬಾಗಿಲಿನಿಂದಲೇ ಕಳುಹಿಸುವವರನ್ನು ಕಂಡಿದ್ದೇನೆ. ಇದು ಅವಿವೇಕ. ಸರಕಾರ ಬರೆದಿಡದ ಎಷ್ಟೋ ಸಂಬಂಧಗಳು ಅವರ ಓಲೆ, ಹೊತ್ತಗೆಗಳಲ್ಲಿವೆ. ಆದರೂ ಕಾಳು, ಬಟ್ಟೆ ಕೊಟ್ಟ ಮನೆಯನ್ನು ಹೊಗಳುವುದು ಅವರ ವೃತ್ತಿಧರ್ಮ. ಹೊಗಳಿಕೆಯನ್ನು ಬೇರ್ಪಡಿಸಿ ಹೆಸರುಗಳನ್ನಷ್ಟೇ ಉಳಿಸಿಕೊಳ್ಳಬೇಕು. ಹೆಣ್ಣುಮಕ್ಕಳ ಹೆಸರುಗಳಂತೂ ಕಡತದಲ್ಲಿಯೂ ಪಾಠದಲ್ಲಿಯೂ ದುರ್ಲಭ. ಮಲಪನಗುಡಿಯ ಪ್ರಸಿದ್ಧವಾದ ಸೂಳೆಬಾವಿಯ ಹೆಸರಿನಲ್ಲಿ ಹೆಣ್ಣೊಬ್ಬಳ ನೆನಪಿದೆ, ಅವಳ ಹೆಸರಿಲ್ಲ.

ಇನಾಮು ಭೂಮಿಯಿದ್ದ ಮನೆತನದವರಿಗೆ ಇನ್ನೊಂದು ದಾರಿಯುಂಟು. 1800ರಲ್ಲಿ ನಿಜಾಮನಿಂದ ಕಂಪನಿಗೆ ಸೇರಿದ ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಒಳಪಟ್ಟಿತ್ತು. ಅಲ್ಲಿ 1858ರಲ್ಲಿ ನೇಮಕವಾದ ಇನಾಂ ಕಮಿಷನ್ನಿನ ರಿಜಿಸ್ಟರುಗಳಲ್ಲಿ ಮೊದಲು ಇನಾಮು ಪಡೆದವನು ಯಾರು, ಆಗಿನ ಅನುಭೋಗದಾರ ಅವನಿಗೆ ಏನಾಗಬೇಕು ಎಂಬುದಕ್ಕೆ ಪ್ರತ್ಯೇಕ ಕಲಮುಗಳಿವೆ. ಹುಡುಕುವವರು ಹೊಸಪೇಟೆ, ಬಳ್ಳಾರಿಗಳಲ್ಲಿಯೇ ನಿಲ್ಲದೆ ಚೆನ್ನೈ ಎಗ್ಮೋರಿನ ಪತ್ರಾಗಾರದವರೆಗೂ ಹೋಗಬೇಕಾದೀತು.

ಅದಕ್ಕೂ ಮೊದಲು ಆಗಬೇಕಾದ ಕೆಲಸ ಮನೆಯಲ್ಲಿದೆ. ನಮ್ಮ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ತಮ್ಮ ಅಟ್ಟದ ಮೇಲಿನ ಕಡತಗಳನ್ನು ಇಳಿಸಿ, ಇದ್ದುದನ್ನು ಇದ್ದಂತೆಯೇ ಪ್ರತಿಮಾಡಲಿ. ಮೋಡಿ ಅಕ್ಷರ ತಿಳಿಯದಿದ್ದರೆ ಬಲ್ಲ ಹಿರಿಯರಿಗೆ ಇಂದೇ ತೋರಿಸಲಿ. ಕಡತವೆಂದರೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆ; ಅದನ್ನು ಮಾಡಿದ್ದೇ ಬರೆದು, ಅಳಿಸಿ, ಮತ್ತೆ ಬರೆಯುವುದಕ್ಕಾಗಿ. ಧೂಳು ಕಂಡಿತೆಂದು ಒದ್ದೆ ಬಟ್ಟೆಯಿಂದ ಒರೆಸಬಾರದು. ಬಳಪದ ಅಕ್ಷರ ಒಂದೇ ಒರೆಸಿಗೆ ಹೋಗುತ್ತದೆ.