ಬರೂಫಿಯೋನ ಎದೆ ಮೇಲೆ ಎಮ್ಮೆ ಯಾಕೆ ಬಂತು?

ಕಳೆದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳು ಸೋಫಾ ಮೇಲೆ ಕಾಲು ಚಾಚಿಕೊಂಡು ಹ್ಯಾರಿ ಪಾಟರ್ ಮೊದಲನೇ ಪುಸ್ತಕ ಓದ್ತಾ ಇದ್ದಳು. ಹತ್ತು ವರ್ಷದ ಹುಡುಗಿ. ನಾನು ಆ ಪುಸ್ತಕ ಓದಿದ್ದೂ ಹೆಚ್ಚುಕಮ್ಮಿ ಅದೇ ವಯಸ್ಸಲ್ಲಿ, ಅದೂ ಪಕ್ಕದ ಮನೆಯವರಿಂದ ಕಡ ತಂದು. ಹಾಗಾಗಿ ನನಗೊಂದು ಹೆಮ್ಮೆ, ಏನು ಕೇಳಿದ್ರೂ ಹೇಳ್ತೀನಿ ಅಂತ.

"ಚಿಕ್ಕಿ, ವಿಂಗಾರ್ಡಿಯಂ ಲೆವಿಯೋಸಾ ಅಂದ್ರೆ ಗರಿ ಮೇಲೇಳತ್ತೆ. ಯಾಕೆ?"

"ಮಂತ್ರ ಕಣೇ ಅದು."

"ಮಂತ್ರ ಅಂತ ನಂಗೂ ಗೊತ್ತು. ಆ ಪದ ಹೇಳಿದ್ರೆ ಯಾಕೆ ಏಳಬೇಕು? ಟೀಚರ್‌ಗೆ ಗೊತ್ತಾ?"

ಟೀಚರ್ ಅಂದರೆ ಫ್ಲಿಟ್‌ವಿಕ್. ಆ ತರಗತಿಯಲ್ಲಿ ಅವರು ಕಲಿಸೋದು ಎರಡೇ. ಮಣಿಕಟ್ಟು ಹೀಗೆ ಬೀಸಬೇಕು, ಉಚ್ಚಾರಣೆ ಸರಿಯಿರಬೇಕು. ಉಚ್ಚಾರಣೆ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಕಥೆಯನ್ನೂ ಹೇಳುತ್ತಾರೆ. ಬರೂಫಿಯೋ ಅನ್ನೋ ಮಾಂತ್ರಿಕ ಒಂದು ಮಂತ್ರದಲ್ಲಿ 'ಫ' ಅನ್ನಬೇಕಾದ ಕಡೆ 'ಸ' ಅಂದನಂತೆ. ಕಣ್ಣು ಬಿಟ್ಟು ನೋಡಿದರೆ ನೆಲದ ಮೇಲೆ ಬಿದ್ದಿದ್ದಾನೆ, ಎದೆ ಮೇಲೆ ಒಂದು ಎಮ್ಮೆ.

ಮಕ್ಕಳು ಆ ಎಚ್ಚರಿಕೆ ಕೇಳಿಕೊಂಡು ಗರಿ ಎತ್ತೋಕೆ ಕೂರುತ್ತಾರೆ. ಸ್ವಲ್ಪ ಯೋಚನೆ ಮಾಡಿ. ಒಂದು ಅಕ್ಷರ ಬದಲಾದರೆ ಎಲ್ಲಿಂದಲೋ ಒಂದು ಇಡೀ ಎಮ್ಮೆ ಬರುತ್ತದೆ! 'ಸ' ಬದಲು 'ಮ' ಅಂದಿದ್ದರೆ ಏನು ಬರುತ್ತಿತ್ತು? ಅದು ಯಾರ ಮನೆ ಎಮ್ಮೆ, ಅಥವಾ ಅಲ್ಲೇ ಆಗ ತಾನೇ ಹುಟ್ಟಿದ್ದಾ? ನಮ್ಮ ಹೈಸ್ಕೂಲಿನ ಲ್ಯಾಬಲ್ಲಿ ಹೀಗೇನಾದರೂ ಆಗಿದ್ದಿದ್ದರೆ ಆ ವರ್ಷ ಬೇರೆ ಪಾಠವೇ ನಡೆಯುತ್ತಿರಲಿಲ್ಲ. ಹಾಗ್ವಾರ್ಟ್ಸಿನಲ್ಲಿ ಒಬ್ಬರೂ ಕೈ ಎತ್ತಲ್ಲ. ಸದಾ ಕೈ ಎತ್ತುವ ಹರ್ಮಯೋನಿ ಕೂಡ.

ನಾನು ಅಕ್ಕನ ಮಗಳಿಗೆ ಏನೋ ಹೇಳಿ ತಪ್ಪಿಸಿಕೊಂಡೆ. ಪ್ರಶ್ನೆ ಮಾತ್ರ ವಾಪಸ್ ಬೆಂಗಳೂರಿಗೆ ನನ್ನ ಜೊತೆನೇ ಬಸ್ ಹತ್ತಿತು. ಈ ಮಾಂತ್ರಿಕರಿಗೆ ಮಂತ್ರ ನಿಜವಾಗಲೂ ಅರ್ಥ ಆಗಿದೆಯಾ, ವಿಜ್ಞಾನ ನಮಗೆ ಅರ್ಥ ಆದ ಹಾಗೆ?

ಪೂರ್ತಿ ಇಲ್ಲ ಅನ್ನೋಕಾಗಲ್ಲ. ಮೊದಲ ವರ್ಷದ ಪುಸ್ತಕಗಳ ಪಟ್ಟಿಯಲ್ಲಿ ಮಂತ್ರ ಸಿದ್ಧಾಂತದ ಮೇಲೇ ಒಂದು ಪುಸ್ತಕವಿದೆ. ಬರೆದವನ ಹೆಸರು ವಾಫ್ಲಿಂಗ್. ಇಂಗ್ಲಿಷಲ್ಲಿ ಆ ಪದಕ್ಕೆ ಸುಮ್ಮನೆ ಉದ್ದುದ್ದ ಕೊರೆಯೋದು ಅಂತ ಅರ್ಥ, ರೌಲಿಂಗ್ ತಮಾಷೆ ಅದು. ಡಂಬಲ್‌ಡೋರ್ ಡ್ರ್ಯಾಗನ್ ರಕ್ತದ ಹನ್ನೆರಡು ಉಪಯೋಗ ಕಂಡುಹಿಡಿದವರು, ಅವರ ಲೇಖನಗಳು ವಿದ್ವತ್ ಪತ್ರಿಕೆಗಳಲ್ಲಿ ಬಂದಿವೆ. ಏಳನೇ ಪುಸ್ತಕದಲ್ಲಿ ಕಾಡಲ್ಲಿ ಹಸಿದು ಕೂತಾಗ ಹರ್ಮಯೋನಿ ಗ್ಯಾಂಪ್‌ನ ನಿಯಮ ಹೇಳುತ್ತಾಳೆ. ಏನೂ ಇಲ್ಲದ ಕಡೆಯಿಂದ ಊಟ ಸೃಷ್ಟಿಸೋಕಾಗಲ್ಲ. ಎಲ್ಲಿದೆ ಅಂತ ಗೊತ್ತಿದ್ದರೆ ತರಿಸಬಹುದು, ಸ್ವಲ್ಪ ಇದ್ದರೆ ಜಾಸ್ತಿ ಮಾಡಬಹುದು, ಅಷ್ಟೇ. ಕೇಳೋಕೆ ಥೇಟ್ ಭೌತಶಾಸ್ತ್ರ. ಆದರೆ ಊಟಕ್ಕೆ ಮಾತ್ರ ಯಾಕೆ ಈ ಅಡ್ಡಿ? ಇಂಥ ಅಪವಾದ ಒಟ್ಟು ಐದಂತೆ, ಮಿಕ್ಕ ನಾಲ್ಕು ಯಾವುವು ಅಂತ ಕೂಡ ಯಾರೂ ಬಾಯಿಬಿಡಲ್ಲ. ಅವಳಿಗೆ ನಿಯಮ ಗೊತ್ತು, ನಿಯಮದ ಹಿಂದಿರೋದು ಗೊತ್ತಿಲ್ಲ. ನಮಗೆ ಪಿಯುಸಿಯಲ್ಲಿ ಎಷ್ಟೋ ಸೂತ್ರಗಳು ಗೊತ್ತಿದ್ದ ಹಾಗೇ.

ಈ ಇಡೀ ಕಥೆಯಲ್ಲಿ ನನಗೆ ವಿಜ್ಞಾನಿ ಅಂತ ಅನಿಸೋನು ಒಬ್ಬನೇ, ಅದೂ ನನಗೆ ಇಷ್ಟವೇ ಇಲ್ಲದ ಮನುಷ್ಯ. ಸ್ನೇಪ್.

ಆರನೇ ಪುಸ್ತಕ, 2005ರಲ್ಲಿ ಬಂದದ್ದು. ಹ್ಯಾರಿಗೆ ಯಾರದೋ ಹಳೇ ಪಠ್ಯಪುಸ್ತಕ ಸಿಗುತ್ತದೆ, ಅಂಚಿನ ತುಂಬಾ ಸಣ್ಣ ಅಕ್ಷರದ ಟಿಪ್ಪಣಿ. ಕಾಳನ್ನು ಕತ್ತರಿಸಿ ಅಂತ ಅಚ್ಚಾಗಿದ್ದರೆ ಟಿಪ್ಪಣಿ ಹೇಳುತ್ತದೆ, ಕತ್ತರಿಸಬೇಡ, ಬೆಳ್ಳಿ ಚಾಕುವಿನ ಚಪ್ಪಟೆ ಬದಿಯಲ್ಲಿ ಒತ್ತು, ರಸ ಚೆನ್ನಾಗಿ ಬರುತ್ತದೆ. ಎಡಕ್ಕೆ ಏಳು ಸುತ್ತು ತಿರುಗಿಸಿದ ಮೇಲೆ ಬಲಕ್ಕೊಂದು ಸುತ್ತು ಹಾಕು. ನಮ್ಮಮ್ಮ ಮೈಸೂರು ಪಾಕಿಗೆ ಹೇಳೋ ತರಹದ ಮಾತುಗಳು. ಅಂದರೆ ಶಾಲೆಯ ಆ ಹುಡುಗ ಸ್ನೇಪ್ ಪುಸ್ತಕವನ್ನು ನಂಬದೆ ಮಾಡಿ ನೋಡಿದ್ದಾನೆ. ಕೆಟ್ಟಾಗ ಹೊಡೆದುಹಾಕಿ ಮತ್ತೆ ಮಾಡಿದ್ದಾನೆ.

ಇಲ್ಲಿ ಹರ್ಮಯೋನಿ ಏನು ಮಾಡುತ್ತಾಳೆ ನೋಡಿ. ಹ್ಯಾರಿಯ ಕಷಾಯ ಅವಳದ್ದಕ್ಕಿಂತ ಚೆನ್ನಾಗಿ ಆಗ್ತಾ ಇರೋದು ಅವಳ ಕಣ್ಣೆದುರಿಗೇ ಇದೆ. ಆದರೂ ಅವಳು ಅಚ್ಚಾದ ಪುಸ್ತಕವನ್ನೇ ಹಿಡಿದು ಕೂರುತ್ತಾಳೆ, ಕೂದಲು ಕೆದರಿ, ಬೆವರು ಸುರಿಸಿ. ತರಗತಿಗೆ ಮೊದಲಿಗಳು ಕಣ್ಣ ಮುಂದಿನ ಫಲಿತಾಂಶಕ್ಕಿಂತ ಅಧಿಕೃತ ಸೂಚನೆಯನ್ನು ನಂಬುತ್ತಾಳೆ. ಚಿಕ್ಕಂದಿನಲ್ಲಿ ಓದಿದಾಗ ನಾನು ಅವಳ ಪರ ಇದ್ದೆ. ಈಗ ಓದಿದರೆ ಕಸಿವಿಸಿ ಆಗುತ್ತದೆ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಸ್ನೇಪ್‌ನ ಕಡೆಯೂ ಒಂದು ತಪ್ಪಿದೆ. ಇಷ್ಟೆಲ್ಲ ಕಂಡುಹಿಡಿದವನು ಮುಂದೆ ಅದೇ ಶಾಲೆಯಲ್ಲಿ ಅದೇ ವಿಷಯದ ಮೇಷ್ಟ್ರಾದ, ಹದಿನೈದು ವರ್ಷ. ಪಠ್ಯಪುಸ್ತಕ ಮಾತ್ರ ಬದಲಾಗಲೇ ಇಲ್ಲ. ಅವನ ಜ್ಞಾನ ಬೀರುವಿನೊಳಗಿನ ಒಂದು ಪುಸ್ತಕದ ಅಂಚಿನಲ್ಲೇ ಉಳಿಯಿತು. ಇನ್ನು ಸರ್ಕಾರದಲ್ಲಿ ಸಾವು, ಕಾಲ, ಪ್ರೀತಿ ಇಂಥ ದೊಡ್ಡ ದೊಡ್ಡ ಸಂಗತಿ ಅಧ್ಯಯನ ಮಾಡೋಕೆ ಒಂದು ಇಲಾಖೆಯೇ ಇದೆ. ಅಲ್ಲಿನ ಸಂಶೋಧಕರನ್ನು ಕರೆಯೋ ಹೆಸರಿನ ಅರ್ಥವೇ 'ಹೇಳಬಾರದವರು'. ಏನು ಕಂಡುಹಿಡಿದರೂ ಹೊರಗೆ ಹೇಳೋ ಹಾಗಿಲ್ಲ.

ನನ್ನ ಪ್ರಕಾರ ವಿಷಯ ಇರೋದು ಇಲ್ಲೇ. ನಮ್ಮಲ್ಲಿ ಪ್ರತಿಯೊಬ್ಬರಿಗೂ ವಿಜ್ಞಾನ ಅರ್ಥ ಆಗಿದೆ ಅನ್ನೋದು ಸುಳ್ಳು. ಫೋನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಕಾಫಿಗೆ ದುಡ್ಡು ಕೊಡ್ತೀವಿ, ಒಳಗೇನಾಯ್ತು ಅಂತ ಎಷ್ಟು ಜನಕ್ಕೆ ಗೊತ್ತು? ನಮ್ಮ ಬೆರಳೂ ದಂಡ ಬೀಸಿದ ಹಾಗೇ. ಇನ್ನೂ ವಿಚಿತ್ರ ಅಂದರೆ, ಕೆಲವು ಕಡೆ ಗೊತ್ತಿರಬೇಕಾದವರಿಗೂ ಪೂರ್ತಿ ಗೊತ್ತಿಲ್ಲ. 1846ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಈಥರ್ ಮೂಸಿಸಿ ಎಲ್ಲರೆದುರು ಆಪರೇಷನ್ ಮಾಡಿ ತೋರಿಸಿದರು. ಇವತ್ತಿಗೂ ಅರಿವಳಿಕೆ ಕೊಟ್ಟರೆ ಪ್ರಜ್ಞೆ ಹೋಗೋದು ಹೇಗೆ ಅನ್ನೋದಕ್ಕೆ ಪೂರ್ತಿ ಉತ್ತರ ಇಲ್ಲ. ಎಷ್ಟು ಕೊಟ್ಟರೆ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತು, ಅಷ್ಟರ ಮಟ್ಟಿಗೆ ಅದೂ ಫ್ಲಿಟ್‌ವಿಕ್ ಪಾಠವೇ. ಆದರೆ 'ಇಷ್ಟು ಗೊತ್ತು, ಇಲ್ಲಿಂದ ಮುಂದೆ ಗೊತ್ತಿಲ್ಲ' ಅಂತ ಬಹಿರಂಗವಾಗಿ ಬರೆದಿದ್ದಾರೆ, ಯಾರು ಬೇಕಾದರೂ ಹೋಗಿ ಹುಡುಕಬಹುದು.

ಒಬ್ಬನೇ ಮನುಷ್ಯನಲ್ಲಿ ಈ ಎರಡೂ ಇತ್ತು. ಐಸಾಕ್ ನ್ಯೂಟನ್. ಮೊದಲ ಪುಸ್ತಕದಲ್ಲಿ ಸ್ಪರ್ಶಮಣಿ ಮಾಡಿದವನು ಅಂತ ಬರೋ ನಿಕೋಲಸ್ ಫ್ಲಮೆಲ್ ಇದ್ದಾನಲ್ಲ, ಅವನು ನಿಜವಾಗಿ ಪ್ಯಾರಿಸ್ಸಿನಲ್ಲಿದ್ದ ಲಿಪಿಕಾರ, 1418ರಲ್ಲಿ ತೀರಿಕೊಂಡ. ಅವನ ಹೆಸರಲ್ಲಿ ಆಮೇಲೆ ಹುಟ್ಟಿಕೊಂಡ ರಸವಿದ್ಯೆಯ ಬರಹಗಳನ್ನು ನ್ಯೂಟನ್ ಓದಿದ್ದ. ರಸವಿದ್ಯೆ ಬಗ್ಗೆ ಅವನೇ ಸುಮಾರು ಹತ್ತು ಲಕ್ಷ ಪದ ಬರೆದಿಟ್ಟ, ಬದುಕಿರೋವರೆಗೆ ಅಚ್ಚು ಹಾಕಿಸಲಿಲ್ಲ. 1687ರಲ್ಲಿ ಪ್ರಿನ್ಸಿಪಿಯಾ ಅಚ್ಚು ಹಾಕಿಸಿದ. ಅದನ್ನು ಜಗತ್ತು ತಿದ್ದಿತು, ಜಗಳ ಆಡಿತು, ಮುಂದೆ ಬೆಳೆಸಿತು. ಮುಚ್ಚಿಟ್ಟ ಕಾಗದಗಳಲ್ಲಿ ಬಹಳಷ್ಟು 1936ರಲ್ಲಿ ಲಂಡನ್ನಿನಲ್ಲಿ ಹರಾಜಾದವು. ಅವನ್ನು ಕೊಂಡು ಓದಿದ ಅರ್ಥಶಾಸ್ತ್ರಜ್ಞ ಕೇನ್ಸ್ ನ್ಯೂಟನ್ನನನ್ನು ಮಾಂತ್ರಿಕರಲ್ಲಿ ಕೊನೆಯವನು ಅಂತ ಕರೆದ. ಅದೇ ತಲೆ, ಅದೇ ಕೈಬರಹ.

ಈಗ ಕಸಿವಿಸಿಯ ವಿಷಯ.

ನಮ್ಮ ಆಫೀಸಲ್ಲಿ ಸರಬರಾಜುದಾರರಿಗೆ ಹಣ ಕಳಿಸೋ ಪಟ್ಟಿ ತಯಾರಿಸೋದು ಒಂದು ಹಳೇ ಸ್ಕ್ರಿಪ್ಟ್. ಅದರ ಮಧ್ಯೆ ಒಂದು ಸಾಲು, ಪ್ರೋಗ್ರಾಂ 40 ಸೆಕೆಂಡ್ ಸುಮ್ಮನೆ ನಿಲ್ಲಬೇಕು ಅಂತ. ಪಕ್ಕದಲ್ಲಿ 'ಇದನ್ನು ಮುಟ್ಟಬೇಡಿ' ಅಂತ ಟಿಪ್ಪಣಿ. ನಾನು ನಾಲ್ಕು ವರ್ಷದಿಂದ ಮುಟ್ಟಿಲ್ಲ. ಹೋದ ವರ್ಷ ಹಾಸನದ ಹುಡುಗನೊಬ್ಬ ಹೊಸದಾಗಿ ಸೇರಿದ. ಇನ್ನೊಂದು ಶಾಖೆಗೂ ಅದನ್ನೇ ಹಾಕು ಅಂತ ಅವನಿಗೆ ಕೊಟ್ಟೆ.

"ಅಕ್ಕ, ಈ 40 ಯಾಕಿದೆ? ನೀವು ನೋಡಿದೀರಾ?"

"ಅದೆಲ್ಲ ಕೇಳ್ಬೇಡ ಕಣೋ, ಹಾಗೇ ಕಾಪಿ ಮಾಡು. ಕೆಲ್ಸ ಆಗತ್ತೆ."

ಆಯ್ತು, ಐದು ತಿಂಗಳು. ಗೌರಿ ಹಬ್ಬದ ಹಿಂದಿನ ಶುಕ್ರವಾರ ಆಗಲಿಲ್ಲ. ಬೇರೆ ಸಿಸ್ಟಂನಿಂದ ಒಂದು ಫೈಲ್ ಬರೋತನಕ ಕಾಯೋಕೆ ಅಂತ ಯಾರೋ ಆ ಸಾಲು ಹಾಕಿದ್ದರು. ಹೊಸ ಶಾಖೆಯ ಫೈಲ್ ದೊಡ್ಡದು, ಅವತ್ತು ಇನ್ನೂ ದೊಡ್ಡದು. 40 ಸೆಕೆಂಡ್ ಸಾಲಲಿಲ್ಲ. ಅರ್ಧ ಫೈಲಿನ ಮೇಲೇ ಪಟ್ಟಿ ತಯಾರಾಗಿ 200ಕ್ಕೂ ಹೆಚ್ಚು ಜನಕ್ಕೆ ಹಬ್ಬದ ಮುಂಚೆ ದುಡ್ಡು ಹೋಗಲಿಲ್ಲ. ಎಲ್ಲ ಸಣ್ಣಪುಟ್ಟವರು, ಪ್ಯಾಕಿಂಗ್ ಡಬ್ಬ ಮಾಡೋರು, ಟೆಂಪೋ ಇಟ್ಟವರು.

ಸೋಮವಾರ ಕಾಲ್‌ನಲ್ಲಿ ಮ್ಯಾನೇಜರ್ ಕೇಳಿದರು, ಇದನ್ನ ಹಾಕಿದ್ದು ಯಾರು? ದಾಖಲೆಯಲ್ಲಿ ಅವನ ಹೆಸರು. ಅವನು 'ಸಾರಿ ಸರ್' ಅಂದ. ನಾನು ಮ್ಯೂಟಲ್ಲಿದ್ದೆ. ಮ್ಯೂಟ್ ತೆಗೆಯೋಕೆ ಒಂದು ಬೆರಳು ಸಾಕು, ನಾನು ತೆಗೀಲಿಲ್ಲ.

ಅದೇ ಆರನೇ ಪುಸ್ತಕದಲ್ಲಿ ಹ್ಯಾರಿ ಅಂಚಿನಲ್ಲಿದ್ದ ಇನ್ನೊಂದು ಮಂತ್ರವನ್ನೂ ಪ್ರಯೋಗ ಮಾಡುತ್ತಾನೆ, ಸೆಕ್ಟಂಸೆಂಪ್ರಾ. ಅದು ಏನು ಮಾಡುತ್ತದೆ ಅಂತ ಅವನಿಗೆ ಗೊತ್ತಿಲ್ಲ, ಶತ್ರುಗಳಿಗಾಗಿ ಅನ್ನೋ ಟಿಪ್ಪಣಿ ಮಾತ್ರ ಓದಿದ್ದಾನೆ. ಮರುಕ್ಷಣ ಮಾಲ್ಫಾಯ್ ಬಾತ್‌ರೂಮಿನ ನೆಲದ ಮೇಲೆ ರಕ್ತದಲ್ಲಿ ಬಿದ್ದಿರುತ್ತಾನೆ. ಆ ಪುಟ ಮತ್ತೆ ಓದುವಾಗ ನನಗೆ ಹ್ಯಾರಿಯ ಮೇಲೆ ಸಿಟ್ಟು ಬರಲಿಲ್ಲ.

ಮ್ಯಾನೇಜರ್‌ಗೆ ಮೇಲ್ ಬರೆದೆ, ಕಾಪಿ ಮಾಡು ಅಂದಿದ್ದು ನಾನೇ ಅಂತ. ಮೂರು ದಿನ ತಡವಾಗಿ. ಅವರು 'ನೋಟೆಡ್' ಅಂತ ಉತ್ತರಿಸಿದರು. ಹುಡುಗನಿಗೆ ಹೇಳೋದು ಇನ್ನೂ ಕಷ್ಟ ಆಯ್ತು. "ಬಿಡಿ ಅಕ್ಕ" ಅಂದ, ಆದರೆ ಆಮೇಲೆ ಎರಡು ವಾರ ನನ್ನ ಹತ್ತಿರ ಏನೂ ಕೇಳಲಿಲ್ಲ. ಅದು ಬೈದಿದ್ದಕ್ಕಿಂತ ಹೆಚ್ಚು ನೋವಾಯ್ತು.

ಮೊನ್ನೆ ಇಬ್ಬರೂ ಕೂತು ಆ ಸ್ಕ್ರಿಪ್ಟ್ ಮೊದಲಿಂದ ಓದಿದೆವು. ಮೊದಲು ಈ ಕೆಲಸದಲ್ಲಿದ್ದವರಿಗೆ ಮೆಸೇಜ್ ಮಾಡಿ 40 ಯಾಕೆ ಅಂತ ಕೇಳಿದೆ. ನಗೋ ಎಮೋಜಿ ಬಂತು. ಅವರಿಗೂ ಅದು ಹಿಂದಿನವರಿಂದ ಹಾಗೇ ಬಂದಿದ್ದಂತೆ. ಕೊನೆಗೆ ಆ ಸಾಲು ತೆಗೆದು, ಫೈಲ್ ಪೂರ್ತಿ ಬಂತಾ ಅಂತ ನೋಡಿ ಮುಂದೆ ಹೋಗೋ ಹಾಗೆ ಮಾಡಿದೆವು. ಟಿಪ್ಪಣಿ ಬರೆದದ್ದು ಅವನು, ಎಂಟು ಸಾಲು. ಏನಾಗಿತ್ತು, ಯಾಕೆ ಬದಲಾಯಿಸಿದೆವು, ಇನ್ನೂ ಯಾವುದು ಗೊತ್ತಾಗಿಲ್ಲ ಅಂತ.

ಅಕ್ಕನ ಮಗಳು ಈಗ ಎರಡನೇ ಪುಸ್ತಕದಲ್ಲಿದ್ದಾಳೆ. ನಿನ್ನೆ ರಾತ್ರಿ ಅಕ್ಕನ ಫೋನಿಂದ ವಾಯ್ಸ್ ಮೆಸೇಜ್ ಬಂತು. "ಚಿಕ್ಕಿ, ಎಮ್ಮೆದು ಗೊತ್ತಾಯ್ತಾ?"

ಇಲ್ಲ ಕಣೇ, ಗೊತ್ತಾಗಿಲ್ಲ, ಬರೆದವರೂ ಹೇಳಿಲ್ಲ ಅಂತ ಕಳಿಸಿದೆ.